ಅಪ್‌ಡೇಟ್ ಆದ ಮೇಲೆ ಪವರ್ ಮೆನುವಿನಲ್ಲಿ ಸ್ಲೀಪ್, ಹೈಬರ್ನೇಟ್ ಕಾಣುತ್ತಿಲ್ಲವೇ? ಹಂತ ಹಂತವಾಗಿ ಹೀಗೆ ಸರಿಮಾಡಿ

ವಿಂಡೋಸ್ ಅಪ್‌ಡೇಟ್ ಮುಗಿಯುತ್ತದೆ. ಸ್ಟಾರ್ಟ್ ಒತ್ತಿ ಪವರ್ ಗುರುತಿನ ಮೇಲೆ ಕ್ಲಿಕ್ ಮಾಡಿದರೆ ಶಟ್ ಡೌನ್, ರೀಸ್ಟಾರ್ಟ್ ಎರಡೇ ಕಾಣುತ್ತವೆ. ನಿನ್ನೆ ತನಕ ಇದ್ದ ಸ್ಲೀಪ್ ಇಲ್ಲ. ಹೈಬರ್ನೇಟ್, ಅಂದರೆ ತೆರೆದ ಕೆಲಸವನ್ನು ಡಿಸ್ಕಿನಲ್ಲಿ ಉಳಿಸಿ ಪೂರ್ತಿ ಆಫ್ ಆಗುವ ಆಯ್ಕೆ, ಕೂಡ ಇಲ್ಲ.

ಈ ತೊಂದರೆಗೆ ಸಹಾಯ ಕೇಳಿ ಬಂದವರಲ್ಲಿ ಹೆಚ್ಚಿನವರು ಅಷ್ಟರಲ್ಲಾಗಲೇ ಒಂದಷ್ಟು ಪ್ರಯತ್ನ ಮಾಡಿರುತ್ತಾರೆ. ವಿಡಿಯೊ ನೋಡಿ ಕಂಟ್ರೋಲ್ ಪ್ಯಾನಲ್ಲಿನಲ್ಲಿ ಸ್ಲೀಪ್ ಚೌಕಕ್ಕೆ ಟಿಕ್ ಹಾಕಲು ಹೋಗಿರುತ್ತಾರೆ, ಅಲ್ಲಿ ಆ ಚೌಕವೇ ಇರುವುದಿಲ್ಲ. ಆಮೇಲೆ ರಿಜಿಸ್ಟ್ರಿಗೆ, ಅಂದರೆ ವಿಂಡೋಸ್ ತನ್ನ ಒಳ ಸೆಟ್ಟಿಂಗ್‌ಗಳನ್ನು ಇಟ್ಟುಕೊಳ್ಳುವ ಜಾಗಕ್ಕೆ, ಕೈಹಾಕಿರುತ್ತಾರೆ. ಕೆಲವರು ಫಾರ್ಮ್ಯಾಟ್ ಕೂಡ ಮಾಡಿಸಿ ಬಂದಿರುತ್ತಾರೆ. ಅವರು ಮಾಡಿದ ಕೆಲಸಗಳಲ್ಲಿ ತಪ್ಪಿಲ್ಲ, ಮಾಡಿದ ಕ್ರಮ ತಪ್ಪು.

ಆಯ್ಕೆ ಕಾಣೆಯಾಗುವುದು ಎರಡು ಬಗೆಯಲ್ಲಿ. ಒಂದು, ಕಂಪ್ಯೂಟರಿಗೆ ಸ್ಲೀಪ್ ಮಾಡಲು ಬರುತ್ತದೆ, ಆದರೆ ಮೆನುವಿನಲ್ಲಿ ಅದನ್ನು ಮರೆಮಾಡಲಾಗಿದೆ. ಎರಡು, ಕಂಪ್ಯೂಟರಿಗೇ ಈಗ ಸ್ಲೀಪ್ ಮಾಡಲು ಆಗುತ್ತಿಲ್ಲ, ಹಾಗಾಗಿ ವಿಂಡೋಸ್ ಆ ಹೆಸರನ್ನೇ ತೆಗೆದುಹಾಕಿದೆ. ಮೊದಲನೆಯದಕ್ಕೆ 1 ನಿಮಿಷ ಸಾಕು. ಎರಡನೆಯದಕ್ಕೆ ಕಾರಣ ಹುಡುಕಲೇಬೇಕು. ನಿಮ್ಮದು ಯಾವುದು ಅಂತ ಗೊತ್ತಾಗುವ ತನಕ ಯಾವ ಸೆಟ್ಟಿಂಗನ್ನೂ ಬದಲಿಸಬೇಡಿ.

ಇಲ್ಲಿ ಹೇಳಿರುವುದು ವಿಂಡೋಸ್ 11ಕ್ಕೆ. ವಿಂಡೋಸ್ 10ರಲ್ಲೂ ಹೆಚ್ಚಿನದೆಲ್ಲ ಹೀಗೇ ಇದೆ, ಸೆಟ್ಟಿಂಗ್ಸ್ ಒಳಗಿನ ಕೆಲವು ಜಾಗ ಮಾತ್ರ ಬೇರೆ.

ಶುರು ಮಾಡುವ ಮುಂಚೆ ಕೈಯಲ್ಲಿ ಇರಬೇಕಾದದ್ದು

ಅಡ್ಮಿನಿಸ್ಟ್ರೇಟರ್ ಹಕ್ಕಿರುವ ಖಾತೆ ಬೇಕು. ಇಂಟರ್ನೆಟ್ ಬೇಕು. ಲ್ಯಾಪ್‌ಟಾಪ್ ಆದರೆ ಚಾರ್ಜರ್ ಹಾಕಿಡಿ. ಕೆಳಗಿನ ಸ್ಟಿಕ್ಕರಿನಲ್ಲಿರುವ ಮಾಡೆಲ್ ನಂಬರನ್ನು ಫೋನಿನಲ್ಲಿ ಫೋಟೊ ತೆಗೆದುಕೊಳ್ಳಿ, ಡ್ರೈವರ್, ಅಂದರೆ ಯಂತ್ರದ ಭಾಗಗಳನ್ನು ವಿಂಡೋಸ್ ನಡೆಸಲು ಬೇಕಾದ ಸಾಫ್ಟ್‌ವೇರ್, ಹುಡುಕುವಾಗ ಬೇಕಾಗುತ್ತದೆ.

ಇನ್ನೊಂದು ಮುಖ್ಯವಾದದ್ದು ಬಿಟ್‌ಲಾಕರ್ ರಿಕವರಿ ಕೀ. ಬಿಟ್‌ಲಾಕರ್ ಅಂದರೆ ಡಿಸ್ಕಿಗೆ ಬೀಗ ಹಾಕುವ ವಿಂಡೋಸ್ ಸೌಲಭ್ಯ, ಈ ಕೀ ಆ ಬೀಗ ತೆರೆಯುವ 48 ಅಂಕಿಗಳ ಸಂಖ್ಯೆ. ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆಗುವ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್ ತಾನಾಗಿಯೇ ಲಾಕ್ ಆಗಿರುತ್ತದೆ, ಮಾಲೀಕರಿಗೆ ಅದು ಗೊತ್ತೇ ಇರುವುದಿಲ್ಲ. ಬಯಾಸ್‌ನಲ್ಲಿ, ಅಂದರೆ ವಿಂಡೋಸ್‌ಗಿಂತ ಮೊದಲು ಶುರುವಾಗುವ ಯಂತ್ರದ ಮೂಲ ಸೆಟ್ಟಿಂಗ್‌ಗಳಲ್ಲಿ, ಏನಾದರೂ ಬದಲಿಸಿದರೆ ಮುಂದಿನ ಸಲ ನೀಲಿ ಪರದೆ ಬಂದು ಆ ಸಂಖ್ಯೆ ಕೇಳಬಹುದು. ನಿಮ್ಮ ಮೈಕ್ರೋಸಾಫ್ಟ್ ಖಾತೆಯ ಪುಟದಲ್ಲಿ ಡಿವೈಸಸ್ ವಿಭಾಗಕ್ಕೆ ಹೋಗಿ ಆ ಕೀ ಇದೆಯಾ ನೋಡಿ, ಕಾಗದದ ಮೇಲೆ ಬರೆದಿಡಿ. ಅದೇ ಕಂಪ್ಯೂಟರಿನಲ್ಲಿ ಸೇವ್ ಮಾಡಿದರೆ ಪ್ರಯೋಜನವಿಲ್ಲ.

ಹಂತ 1: ಶಟ್ ಡೌನ್ ಅಲ್ಲ, ರೀಸ್ಟಾರ್ಟ್ ಮಾಡಿ

"ಆಫ್ ಮಾಡಿ ಆನ್ ಮಾಡಿದೆ, ಏನೂ ಆಗಲಿಲ್ಲ" ಅಂತ ತುಂಬಾ ಜನ ಹೇಳುತ್ತಾರೆ. ವಿಂಡೋಸ್‌ನಲ್ಲಿ ಫಾಸ್ಟ್ ಸ್ಟಾರ್ಟಪ್ ಎಂಬ ಸೌಲಭ್ಯ ಇದೆ. ಅದು ಚಾಲೂ ಇದ್ದರೆ ಶಟ್ ಡೌನ್ ಮಾಡಿದಾಗ ವಿಂಡೋಸ್‌ನ ಒಳತಿರುಳು ಪೂರ್ತಿ ಮುಚ್ಚುವುದಿಲ್ಲ. ಅದರ ಸ್ಥಿತಿಯನ್ನು ಡಿಸ್ಕಿನಲ್ಲಿ ಇಟ್ಟು, ಮತ್ತೆ ಆನ್ ಮಾಡಿದಾಗ ಅದನ್ನೇ ವಾಪಸ್ ತರುತ್ತದೆ. ಅಂದರೆ ಅಪ್‌ಡೇಟ್ ಆದ ಮೇಲೆ ಉಳಿದ ಗೊಂದಲವೂ ಹಾಗೇ ವಾಪಸ್ ಬರಬಹುದು. ರೀಸ್ಟಾರ್ಟ್ ಮಾಡಿದಾಗ ಮಾತ್ರ ಎಲ್ಲ ಹೊಸದಾಗಿ ಶುರುವಾಗುತ್ತದೆ.

ಅನುಮಾನ ಇದ್ದರೆ ಟಾಸ್ಕ್ ಮ್ಯಾನೇಜರ್ ತೆರೆದು, ಪರ್ಫಾರ್ಮೆನ್ಸ್ ಒಳಗೆ ಸಿಪಿಯು ಮೇಲೆ ಕ್ಲಿಕ್ ಮಾಡಿ. ಅಲ್ಲಿ ಅಪ್ ಟೈಮ್ ಅಂತ ಇರುತ್ತದೆ. ಈಗಷ್ಟೇ ಆನ್ ಮಾಡಿದ ಕಂಪ್ಯೂಟರ್ 6 ದಿನ ಅಂತ ತೋರಿಸಿದರೆ, ಅದು ಇನ್ನೂ ಸರಿಯಾಗಿ ರೀಸ್ಟಾರ್ಟ್ ಆಗಿಲ್ಲ ಎಂದೇ ಅರ್ಥ.

ಪವರ್ ಮೆನುವಿನಲ್ಲಿ "ಅಪ್‌ಡೇಟ್ ಆ್ಯಂಡ್ ರೀಸ್ಟಾರ್ಟ್" ಅಂತ ಕಂಡರೆ ಅಪ್‌ಡೇಟ್ ಅರ್ಧದಲ್ಲಿದೆ. ಅದನ್ನೇ ಒತ್ತಿ, ಪೂರ್ತಿ ಮುಗಿಯಲು ಬಿಡಿ. ಆಮೇಲೆ ಇನ್ನೊಂದು ಸಲ ಸಾದಾ ರೀಸ್ಟಾರ್ಟ್ ಮಾಡಿ.

ಹಂತ 2: ನಿಜವಾಗಿಯೂ ಹೋಗಿದೆಯಾ, ಜಾಗ ಬದಲಾಗಿದೆಯಾ ನೋಡಿ

ವಿಂಡೋಸ್ ಕೀ ಜೊತೆ ಎಕ್ಸ್ ಒತ್ತಿ. ಬರುವ ಪಟ್ಟಿಯಲ್ಲಿ "ಶಟ್ ಡೌನ್ ಆರ್ ಸೈನ್ ಔಟ್" ಮೇಲೆ ಹೋಗಿ. ಸ್ಲೀಪ್ ಅಲ್ಲಿ ಇದೆಯಾ? ಡೆಸ್ಕ್‌ಟಾಪಿನ ಖಾಲಿ ಜಾಗದಲ್ಲಿ ಒಮ್ಮೆ ಕ್ಲಿಕ್ ಮಾಡಿ ಆಲ್ಟ್ ಜೊತೆ ಎಫ್4 ಒತ್ತಿದರೂ ಒಂದು ಪಟ್ಟಿ ಬರುತ್ತದೆ, ಅಲ್ಲೂ ನೋಡಿ. ಎಲ್ಲೂ ಇಲ್ಲದಿದ್ದರೆ ಮುಂದೆ ಹೋಗೋಣ.

ರಿಮೋಟ್ ಡೆಸ್ಕ್‌ಟಾಪ್ ಮೂಲಕ ಬೇರೆ ಕಂಪ್ಯೂಟರಿನೊಳಗೆ ಕೂತು ನೋಡುತ್ತಿದ್ದರೆ ಪವರ್ ಮೆನು ಬೇರೆ ಥರ ಕಾಣುವುದು ಸಹಜ. ಆ ಯಂತ್ರದ ಮುಂದೆಯೇ ಕೂತು ನೋಡಬೇಕು.

ಹೈಬರ್ನೇಟ್ ಬಗ್ಗೆ ಒಂದು ಮಾತು. ವಿಂಡೋಸ್ 10, 11ರ ಪವರ್ ಮೆನುವಿನಲ್ಲಿ ಹೈಬರ್ನೇಟ್ ಮೊದಲಿಂದಲೂ ಸಾಮಾನ್ಯವಾಗಿ ಕಾಣುವುದಿಲ್ಲ, ನಾವೇ ಆನ್ ಮಾಡಿಕೊಳ್ಳಬೇಕು. ಹಿಂದೆ ನೀವೋ, ಅಂಗಡಿಯವರೋ ಆನ್ ಮಾಡಿದ್ದನ್ನು ದೊಡ್ಡ ಅಪ್‌ಡೇಟ್ ಮೊದಲಿನ ಸ್ಥಿತಿಗೆ ತಂದಿರಬಹುದು. ಹಾಗಾಗಿ ಹೈಬರ್ನೇಟ್ ಮಾತ್ರ ಇಲ್ಲದಿದ್ದರೆ ಗಾಬರಿ ಬೇಡ. ಸ್ಲೀಪ್ ಹೋಗಿದ್ದರೆ ಮಾತ್ರ ಒಳಗೇನೋ ಆಗಿದೆ.

ಹಂತ 3: ಕಾರಣವನ್ನು ಕಂಪ್ಯೂಟರನ್ನೇ ಕೇಳಿ

ಇಡೀ ಕೆಲಸದ ಜೀವಾಳ ಈ ಹಂತ. ಹೆಚ್ಚಿನವರು ಬಿಡುವುದೂ ಇದನ್ನೇ.

ಸ್ಟಾರ್ಟ್ ಒತ್ತಿ ಸಿಎಂಡಿ ಅಂತ ಇಂಗ್ಲಿಷಿನಲ್ಲಿ ಟೈಪ್ ಮಾಡಿ. ಕಮಾಂಡ್ ಪ್ರಾಂಪ್ಟ್ ಕಾಣುತ್ತದೆ. ಅದರ ಮೇಲೆ ರೈಟ್ ಕ್ಲಿಕ್ ಮಾಡಿ "ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್" ಆರಿಸಿ. ಕಪ್ಪು ಕಿಟಕಿ ತೆರೆದ ಮೇಲೆ ಹೀಗೆ ಟೈಪ್ ಮಾಡಿ: ಪವರ್ ಎಂಬ ಪದದ 5 ಇಂಗ್ಲಿಷ್ ಅಕ್ಷರ, ಅದಕ್ಕೇ ಅಂಟಿಕೊಂಡಂತೆ ಸಿ, ಎಫ್, ಜಿ. ಆಮೇಲೆ ಒಂದು ಸ್ಪೇಸ್, ಓರೆಗೆರೆ, ಎ. ಓರೆಗೆರೆ ಅಂದರೆ ಪ್ರಶ್ನಾರ್ಥಕ ಚಿಹ್ನೆಯ ಕೀಲಿಯಲ್ಲೇ ಇರುವುದು, ಇನ್ನೊಂದಲ್ಲ. ಎಂಟರ್ ಒತ್ತಿ.

ಉತ್ತರ ಎರಡು ಭಾಗವಾಗಿ ಬರುತ್ತದೆ. ಮೇಲಿನದು ಈ ಯಂತ್ರದಲ್ಲಿ ಸಿಗುವ ಸ್ಥಿತಿಗಳು, ಕೆಳಗಿನದು ಸಿಗದೇ ಇರುವವು. ಸಿಗದ ಪ್ರತಿಯೊಂದರ ಕೆಳಗೂ ಯಾಕೆ ಸಿಗುತ್ತಿಲ್ಲ ಅಂತ ಒಂದು ಸಾಲು ಇರುತ್ತದೆ. ನಮಗೆ ಬೇಕಾದದ್ದು ಆ ಸಾಲು. ಫೋನಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ.

ಸ್ಲೀಪನ್ನು ಇದು ಸ್ಟ್ಯಾಂಡ್‌ಬೈ ಅಂತ ಕರೆಯುತ್ತದೆ. ಹಳೆಯ ಯಂತ್ರಗಳಲ್ಲಿ ಸ್ಟ್ಯಾಂಡ್‌ಬೈ ಎಸ್3, ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಸ್ಟ್ಯಾಂಡ್‌ಬೈ ಎಸ್0 ಲೋ ಪವರ್ ಐಡಲ್. ಎರಡರಲ್ಲಿ ಒಂದು ಮೇಲಿನ ಭಾಗದಲ್ಲಿದ್ದರೆ ಸಾಕು, ಸ್ಲೀಪ್ ನಿಮ್ಮ ಯಂತ್ರಕ್ಕೆ ಬರುತ್ತದೆ. ಎಸ್1, ಎಸ್2 ಸಿಗುವುದಿಲ್ಲ ಅಂತ ಬಂದರೆ ತಲೆಕೆಡಿಸಿಕೊಳ್ಳಬೇಡಿ, ಈಗಿನ ಯಂತ್ರಗಳಲ್ಲಿ ಅವು ಸಾಮಾನ್ಯವಾಗಿ ಇರುವುದೇ ಇಲ್ಲ. ಎಸ್0 ಇರುವ ಲ್ಯಾಪ್‌ಟಾಪಿನಲ್ಲಿ ಎಸ್3 ಸಿಗದಿರುವುದೂ ತಪ್ಪಲ್ಲ.

ಈಗ ನಿಮ್ಮ ದಾರಿ ಆರಿಸಿ. ಸ್ಟ್ಯಾಂಡ್‌ಬೈ ಮೇಲಿನ ಭಾಗದಲ್ಲಿದೆ, ಮೆನುವಿನಲ್ಲಿ ಮಾತ್ರ ಇಲ್ಲ ಅಂದರೆ ಹಂತ 4. ಸಿಗದ ಪಟ್ಟಿಯಲ್ಲಿದ್ದು ಕಾರಣದಲ್ಲಿ ಗ್ರಾಫಿಕ್ಸ್ ಎಂಬ ಪದ ಇದ್ದರೆ ಹಂತ 5. ಹೈಬರ್ನೇಷನ್ ಎನೇಬಲ್ ಆಗಿಲ್ಲ ಅಂತಲೋ, ಹೈಬರ್‌ಫೈಲ್ ಟೈಪ್ ಹೊಂದುವುದಿಲ್ಲ ಅಂತಲೋ ಇದ್ದರೆ ಹಂತ 6. ಎಸ್0, ಎಸ್3 ಎರಡಕ್ಕೂ ಸಿಸ್ಟಮ್ ಫರ್ಮ್‌ವೇರ್ (ಅಂದರೆ ಬಯಾಸ್) ಅಂತ ಕಾರಣ ಬಂದಿದ್ದರೆ ಹಂತ 7.

ಹಂತ 4: ಮರೆಯಾದದ್ದನ್ನು ಮೆನುವಿಗೆ ತರುವುದು

ಸ್ಟಾರ್ಟ್‌ನಲ್ಲಿ ಕಂಟ್ರೋಲ್ ಪ್ಯಾನಲ್ ಹುಡುಕಿ ತೆರೆಯಿರಿ. ಹಾರ್ಡ್‌ವೇರ್ ಆ್ಯಂಡ್ ಸೌಂಡ್, ಅದರೊಳಗೆ ಪವರ್ ಆಪ್ಷನ್ಸ್. ಎಡಗಡೆ "ಚೂಸ್ ವಾಟ್ ದ ಪವರ್ ಬಟನ್ಸ್ ಡು" ಇರುತ್ತದೆ, ಒತ್ತಿ. ಕೆಳಗೆ ಶಟ್‌ಡೌನ್ ಸೆಟ್ಟಿಂಗ್ಸ್ ಅಂತ ಚೌಕಗಳ ಪಟ್ಟಿ ಕಾಣುತ್ತದೆ.

ಚೌಕಗಳು ಬೂದು ಬಣ್ಣದಲ್ಲಿದ್ದು ಕ್ಲಿಕ್ ಆಗದಿದ್ದರೆ ಅಲ್ಲಿಗೇ ನಿಲ್ಲಬೇಡಿ. ಅದೇ ಪುಟದ ಮೇಲ್ಭಾಗದಲ್ಲಿ "ಚೇಂಜ್ ಸೆಟ್ಟಿಂಗ್ಸ್ ದಟ್ ಆರ್ ಕರೆಂಟ್ಲಿ ಅನ್‌ಅವೈಲಬಲ್" ಎಂಬ ಸಾಲಿದೆ. ಅದನ್ನು ಒತ್ತಿದ ಮೇಲೆ ಚೌಕಗಳು ತೆರೆಯುತ್ತವೆ. ಸ್ಲೀಪ್, ಹೈಬರ್ನೇಟ್ ಎರಡಕ್ಕೂ ಟಿಕ್ ಹಾಕಿ, ಕೆಳಗಿನ ಸೇವ್ ಚೇಂಜಸ್ ಒತ್ತಿ. ಸೇವ್ ಒತ್ತದೆ ಕಿಟಕಿ ಮುಚ್ಚಿಬಿಡುವುದು ಇಲ್ಲಿ ಆಗುವ ಸಾಮಾನ್ಯ ತಪ್ಪು.

ಸ್ಲೀಪ್ ಎಂಬ ಚೌಕವೇ ಪಟ್ಟಿಯಲ್ಲಿ ಇಲ್ಲದಿದ್ದರೆ ನೀವು ತಪ್ಪು ಹಂತದಲ್ಲಿದ್ದೀರಿ. ಹಂತ 3ರ ಫೋಟೊ ಮತ್ತೆ ನೋಡಿ, ಕಾರಣ ಅಲ್ಲಿರುತ್ತದೆ.

ಟಿಕ್ ಹಾಕಿದರೂ ಮೆನುವಿಗೆ ಬರದಿದ್ದರೆ ಪಾಲಿಸಿ, ಅಂದರೆ ಕಂಪ್ಯೂಟರಿಗೆ ಹಾಕಿಟ್ಟ ನಿಯಮ, ಅಡ್ಡ ಬಂದಿರಬಹುದು. ಪ್ರೊ, ಎಂಟರ್‌ಪ್ರೈಸ್, ಎಜುಕೇಷನ್ ಆವೃತ್ತಿಗಳಲ್ಲಿ ಲೋಕಲ್ ಗ್ರೂಪ್ ಪಾಲಿಸಿ ಎಡಿಟರ್ ತೆರೆದು ಕಂಪ್ಯೂಟರ್ ಕಾನ್ಫಿಗರೇಷನ್, ಅಡ್ಮಿನಿಸ್ಟ್ರೇಟಿವ್ ಟೆಂಪ್ಲೇಟ್ಸ್, ವಿಂಡೋಸ್ ಕಾಂಪೊನೆಂಟ್ಸ್, ಫೈಲ್ ಎಕ್ಸ್‌ಪ್ಲೋರರ್ ಎಂಬ ದಾರಿಯಲ್ಲಿ ಹೋಗಿ. "ಶೋ ಸ್ಲೀಪ್ ಇನ್ ದ ಪವರ್ ಆಪ್ಷನ್ಸ್ ಮೆನು" ಡಿಸೇಬಲ್ಡ್ ಆಗಿದ್ದರೆ ನಾಟ್ ಕಾನ್ಫಿಗರ್ಡ್ ಮಾಡಿ. ಹೈಬರ್ನೇಟ್‌ಗೂ ಪಕ್ಕದಲ್ಲೇ ಇಂಥದೇ ಸಾಲಿದೆ. ಹೋಮ್ ಆವೃತ್ತಿಯಲ್ಲಿ ಈ ಎಡಿಟರ್ ಇರುವುದಿಲ್ಲ. ಅದನ್ನು ಹೋಮ್‌ಗೆ ಹಾಕಿಕೊಡುತ್ತೇವೆ ಎನ್ನುವ ಫೈಲ್‌ಗಳನ್ನು ಇಳಿಸಿಕೊಳ್ಳಬೇಡಿ.

ಆಫೀಸಿನ ಲ್ಯಾಪ್‌ಟಾಪ್ ಆದರೆ ಪಾಲಿಸಿಗೆ ಕೈಹಾಕಬೇಡಿ. ಅದನ್ನು ಐಟಿ ವಿಭಾಗದವರು ಬೇಕಂತಲೇ ಹಾಗೆ ಇಟ್ಟಿರಬಹುದು. ಅವರಿಗೆ ಹಂತ 3ರ ಫೋಟೊ ಕಳಿಸಿ.

ಹಂತ 5: ಗ್ರಾಫಿಕ್ಸ್ ಡ್ರೈವರ್ ಸರಿಮಾಡುವುದು

ಅಪ್‌ಡೇಟ್ ಆದ ಮೇಲೆ ಸ್ಲೀಪ್ ಕಾಣೆಯಾದ ಯಂತ್ರಗಳಲ್ಲಿ ನಾನು ಮೊದಲು ಅನುಮಾನಿಸುವುದು ಇದನ್ನೇ.

ಹೋದ ವರ್ಷ ನಮ್ಮ ಚಿಕ್ಕಪ್ಪ ಲ್ಯಾಪ್‌ಟಾಪ್ ತಂದು ಮುಂದಿಟ್ಟರು. "ಸ್ಲೀಪ್ ಹೋಗಿದೆ ಮಗಾ, ಕರೆಂಟ್ ಹೋದಾಗೆಲ್ಲ ಪೂರ್ತಿ ಆಫ್ ಮಾಡಬೇಕಾಗಿದೆ" ಅಂದರು. ತೆರೆದ ಕೂಡಲೇ ನನ್ನ ಕಣ್ಣಿಗೆ ಬಿದ್ದದ್ದು ಅಕ್ಷರಗಳು. ಡೆಸ್ಕ್‌ಟಾಪಿನ ಐಕಾನುಗಳು ಊದಿಕೊಂಡಂತೆ ದಪ್ಪ, ಅಂಚು ಮಬ್ಬು. ಬ್ರೈಟ್‌ನೆಸ್ ಕೀ ಒತ್ತಿದರೆ ಬೆಳಕು ಅಲ್ಲಾಡಲಿಲ್ಲ. "ಇದೂ ಅವತ್ತಿಂದಲೇನಾ?" ಅಂತ ಕೇಳಿದೆ. "ಹೌದಲ್ಲ! ಕಣ್ಣಿಗೇ ಏನೋ ಆಗಿದೆ ಅಂದ್ಕೊಂಡಿದ್ದೆ" ಅಂದರು. ಡಿವೈಸ್ ಮ್ಯಾನೇಜರ್ ತೆರೆದರೆ ಇಂಟೆಲ್ ಎಂದು ಇರಬೇಕಾದ ಜಾಗದಲ್ಲಿ ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್ ಅಂತ ಇತ್ತು.

ನಿಮ್ಮಲ್ಲೂ ಇದನ್ನೇ ನೋಡಿ. ಪರದೆ ಮಬ್ಬಾಗಿದೆಯಾ, ಬ್ರೈಟ್‌ನೆಸ್ ಬದಲಾಗುತ್ತಿಲ್ಲವಾ, ಎರಡನೇ ಮಾನಿಟರ್ ಬರುತ್ತಿಲ್ಲವಾ? ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್ ಎನ್ನುವುದು ಸರಿಯಾದ ಡ್ರೈವರ್ ಸಿಗದಿದ್ದಾಗ ವಿಂಡೋಸ್ ಬಳಸುವ ತಾತ್ಕಾಲಿಕ ಡ್ರೈವರ್. ಅದಕ್ಕೆ ಪರದೆಯ ಮೇಲೆ ಚಿತ್ರ ತೋರಿಸಲು ಬರುತ್ತದೆ, ಗ್ರಾಫಿಕ್ಸ್ ಚಿಪ್ಪನ್ನು ಮಲಗಿಸಿ ಎಬ್ಬಿಸಲು ಬರುವುದಿಲ್ಲ. ಹಾಗಾಗಿ ವಿಂಡೋಸ್ ಸ್ಲೀಪನ್ನೇ ತೆಗೆದುಬಿಡುತ್ತದೆ.

ಈ ಕ್ರಮದಲ್ಲಿ ಹೋಗಿ.

1. ವಿಂಡೋಸ್ ಕೀ ಜೊತೆ ಎಕ್ಸ್ ಒತ್ತಿ ಡಿವೈಸ್ ಮ್ಯಾನೇಜರ್ ತೆರೆಯಿರಿ. ಡಿಸ್‌ಪ್ಲೇ ಅಡಾಪ್ಟರ್ಸ್ ಬಿಡಿಸಿ. ಅಲ್ಲಿರುವ ಹೆಸರು ಬರೆದುಕೊಳ್ಳಿ. ಎರಡು ಹೆಸರಿದ್ದರೆ, ಅಂದರೆ ಇಂಟೆಲ್ ಜೊತೆಗೆ ಎನ್‌ವಿಡಿಯಾ ಕೂಡ ಇದ್ದರೆ, ಎರಡನ್ನೂ ನೋಡಿ. ಹಳದಿ ತ್ರಿಕೋನ ಇದ್ದದ್ದು ಕೆಟ್ಟಿದೆ.

2. ಸರಿಯಾದ ಹೆಸರೇ ಇದೆ, ಆದರೂ ಸ್ಲೀಪ್ ಇಲ್ಲ ಅಂದರೆ ಅದರ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್ ತೆರೆದು, ಡ್ರೈವರ್ ಟ್ಯಾಬಿನಲ್ಲಿ ರೋಲ್ ಬ್ಯಾಕ್ ಡ್ರೈವರ್ ಒತ್ತಿ. ಅಪ್‌ಡೇಟ್ ಹಾಕಿದ ಹೊಸ ಡ್ರೈವರ್ ಹೋಗಿ ಹಳೆಯದು ಬರುತ್ತದೆ. ಗುಂಡಿ ಬೂದು ಬಣ್ಣದಲ್ಲಿದ್ದರೆ ಹಳೆಯದು ಉಳಿದಿಲ್ಲ.

3. ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್ ಇದ್ದರೆ ಸೆಟ್ಟಿಂಗ್ಸ್, ವಿಂಡೋಸ್ ಅಪ್‌ಡೇಟ್, ಅಡ್ವಾನ್ಸ್ಡ್ ಆಪ್ಷನ್ಸ್, ಆಪ್ಷನಲ್ ಅಪ್‌ಡೇಟ್ಸ್ ಒಳಗೆ ಹೋಗಿ. ಡ್ರೈವರ್ ಅಪ್‌ಡೇಟ್ಸ್ ಪಟ್ಟಿಯಲ್ಲಿ ಡಿಸ್‌ಪ್ಲೇ ಎಂದಿರುವುದನ್ನು ಹಾಕಿ.

4. ಅಲ್ಲೂ ಸಿಗದಿದ್ದರೆ ಲ್ಯಾಪ್‌ಟಾಪ್ ಕಂಪನಿಯ ಸಪೋರ್ಟ್ ಪುಟಕ್ಕೆ ಹೋಗಿ ಮಾಡೆಲ್ ನಂಬರ್ ಹಾಕಿ, ಗ್ರಾಫಿಕ್ಸ್ ಡ್ರೈವರ್ ಇಳಿಸಿಕೊಳ್ಳಿ. ಬಿಡಿಭಾಗ ಸೇರಿಸಿ ಕಟ್ಟಿಸಿದ ಡೆಸ್ಕ್‌ಟಾಪ್ ಆದರೆ ಇಂಟೆಲ್, ಎಎಂಡಿ ಅಥವಾ ಎನ್‌ವಿಡಿಯಾ ಪುಟದಿಂದಲೇ ತೆಗೆದುಕೊಳ್ಳಿ.

5. ರೀಸ್ಟಾರ್ಟ್. ಮತ್ತೆ ಹಂತ 3ರ ಆದೇಶ ಕೊಟ್ಟು ನೋಡಿ.

ಡ್ರೈವರ್ ಹಾಕುವಾಗ ಪರದೆ ಒಂದೆರಡು ಸಲ ಕಪ್ಪಾಗಿ ಮತ್ತೆ ಬರುತ್ತದೆ. ಅದು ಸಹಜ, ಗಾಬರಿಯಾಗಿ ಪವರ್ ಬಟನ್ ಒತ್ತಿ ಹಿಡಿಯಬೇಡಿ. ಕಪ್ಪಾಗಿ 10 ನಿಮಿಷ ಆದರೂ ಬರದಿದ್ದರೆ ಮಾತ್ರ ಆ ಮಾತು ಬೇರೆ.

"ಎಲ್ಲ ಡ್ರೈವರ್ ಒಂದೇ ಕ್ಲಿಕ್‌ನಲ್ಲಿ" ಎನ್ನುವ ಆ್ಯಪ್‌ಗಳ ಹತ್ತಿರವೂ ಹೋಗಬೇಡಿ ಅಂತ ಕೈಮುಗಿದು ಕೇಳುತ್ತೇನೆ. ಇವು ಮಾಡೆಲ್‌ಗೆ ಹೊಂದದ ಡ್ರೈವರ್ ಹಾಕಿಬಿಡಬಹುದು, ಜೊತೆಗೆ ಬೇಡದ ಇನ್ನಷ್ಟು ಸಾಫ್ಟ್‌ವೇರ್ ತಂದು ತುಂಬಬಹುದು. ಒಂದು ತೊಂದರೆ ಇದ್ದ ಯಂತ್ರಕ್ಕೆ ಮೂರು ಅಂಟಿಕೊಳ್ಳುತ್ತವೆ.

ಚಿಕ್ಕಪ್ಪನ ಲ್ಯಾಪ್‌ಟಾಪ್ 4ನೇ ಸಾಲಿನಲ್ಲಿ ಸರಿಹೋಯಿತು. ಡ್ರೈವರ್ ಕೂತ ಕೂಡಲೇ ಐಕಾನುಗಳು ಚಿಕ್ಕದಾಗಿ ತಮ್ಮ ಜಾಗಕ್ಕೆ ಸರಿದವು. ರೀಸ್ಟಾರ್ಟ್ ಆದ ಮೇಲೆ ಸ್ಲೀಪ್ ಮೆನುವಿನಲ್ಲಿ ಕೂತಿತ್ತು. ಕಂಟ್ರೋಲ್ ಪ್ಯಾನಲ್ಲನ್ನು ನಾವು ತೆರೆಯಲೇ ಇಲ್ಲ.

ಹಂತ 6: ಹೈಬರ್ನೇಟ್ ಮತ್ತೆ ಚಾಲೂ ಮಾಡುವುದು

ಹೈಬರ್ನೇಟ್ ಮಾಡಿದಾಗ ತೆರೆದಿರುವ ಕೆಲಸವೆಲ್ಲ ಸಿ ಡ್ರೈವಿನ ಒಂದು ಅಡಗಿದ ಫೈಲಿಗೆ ಹೋಗಿ ಕೂರುತ್ತದೆ. ಅದರ ಸಾಮಾನ್ಯ ಅಳತೆ ರ‍್ಯಾಮಿನ ಶೇ. 40. ಅಂದರೆ 8 ಜಿಬಿ ರ‍್ಯಾಮ್ ಇದ್ದರೆ 3.2 ಜಿಬಿ, 16 ಇದ್ದರೆ 6.4 ಜಿಬಿ. ಜಾಗ ಉಳಿಸಿಕೊಡುವ ಕ್ಲೀನರ್ ಆ್ಯಪ್‌ಗಳು ಈ ಫೈಲನ್ನು ತೆಗೆಯಲು ಹೈಬರ್ನೇಷನ್ನನ್ನೇ ಆಫ್ ಮಾಡಿರಬಹುದು. ಅಪ್‌ಡೇಟಿಗೆ ಜಾಗ ಸಾಲದು ಅಂತ ನೀವೇ ಆಫ್ ಮಾಡಿ ಮರೆತಿರಲೂಬಹುದು.

ಮೊದಲು ಸಿ ಡ್ರೈವಿನಲ್ಲಿ ಅಷ್ಟು ಜಾಗ ಇದೆಯಾ ನೋಡಿ. ಆಮೇಲೆ ಅಡ್ಮಿನಿಸ್ಟ್ರೇಟರ್ ಆಗಿ ತೆರೆದ ಕಮಾಂಡ್ ಪ್ರಾಂಪ್ಟಿನಲ್ಲಿ ಹಂತ 3ರ ಮೊದಲ ಪದವನ್ನೇ ಟೈಪ್ ಮಾಡಿ, ಸ್ಪೇಸ್, ಓರೆಗೆರೆ, ಎಚ್, ಸ್ಪೇಸ್, ಇಂಗ್ಲಿಷಿನಲ್ಲಿ ಆನ್. ಎಂಟರ್. ಏನೂ ಬರದೆ ಹೊಸ ಸಾಲು ಬಂದರೆ ಕೆಲಸ ಆಯಿತು. ದೋಷದ ಸಾಲು ಬಂದರೆ ಸಾದಾ ಕಿಟಕಿಯಲ್ಲಿ ಟೈಪ್ ಮಾಡಿದ್ದೀರಾ ನೋಡಿ, ಅಡ್ಮಿನಿಸ್ಟ್ರೇಟರ್ ಆಗಿ ತೆರೆಯಲೇಬೇಕು.

ಹೈಬರ್‌ಫೈಲ್ ಟೈಪ್ ಹೊಂದುವುದಿಲ್ಲ ಎಂಬ ಕಾರಣ ಬಂದಿದ್ದರೆ ಫೈಲು ಚಿಕ್ಕ ಅಳತೆಯಲ್ಲಿದೆ. ಅದು ಫಾಸ್ಟ್ ಸ್ಟಾರ್ಟಪ್‌ಗೆ ಸಾಕು, ಪೂರ್ತಿ ಹೈಬರ್ನೇಟ್‌ಗೆ ಸಾಲದು. ಆಗ ಅದೇ ಪದ, ಸ್ಪೇಸ್, ಓರೆಗೆರೆ, ಎಚ್, ಸ್ಪೇಸ್, ಓರೆಗೆರೆ, ಟೈಪ್, ಸ್ಪೇಸ್, ಫುಲ್. ಇಲ್ಲಿ ಟೈಪ್, ಫುಲ್ ಎರಡೂ ಇಂಗ್ಲಿಷ್ ಪದಗಳು, ಹಾಗೇ ಬರೆಯಬೇಕು.

ಇದಾದ ಮೇಲೂ ಮೆನುವಿನಲ್ಲಿ ಹೈಬರ್ನೇಟ್ ತಾನಾಗಿ ಬರುವುದಿಲ್ಲ. ಹಂತ 4ಕ್ಕೆ ಹೋಗಿ ಟಿಕ್ ಹಾಕಬೇಕು. "ಆದೇಶ ಕೊಟ್ಟೆ, ಆದರೂ ಬರಲಿಲ್ಲ" ಎನ್ನುವವರು ನಿಲ್ಲುವುದು ಇಲ್ಲೇ.

ಹಂತ 7: ರಿಜಿಸ್ಟ್ರಿ ಮತ್ತು ಬಯಾಸ್

ಮೊದಲು ಒಂದು ಪ್ರಶ್ನೆ. ಲ್ಯಾಪ್‌ಟಾಪ್ ಬ್ಯಾಗಿನಲ್ಲಿ ಬಿಸಿಯಾಗುತ್ತದೆ ಅಂತ ಹಿಂದೆ ಯಾವತ್ತಾದರೂ ವಿಡಿಯೊ ನೋಡಿ ರಿಜಿಸ್ಟ್ರಿಯಲ್ಲಿ ಏನಾದರೂ ಸೇರಿಸಿದ್ದೀರಾ? ಎಸ್0 ಸ್ಲೀಪನ್ನು ಆಫ್ ಮಾಡಲು "ಪ್ಲಾಟ್‌ಫಾರ್ಮ್ ಎಒಎಸಿ ಓವರ್‌ರೈಡ್" ಎಂಬ ಮೌಲ್ಯ ಸೇರಿಸಲು ಹೇಳುತ್ತಾರೆ. ಯಂತ್ರದಲ್ಲಿ ಎಸ್3 ಇಲ್ಲದಿದ್ದರೆ ಇದರಿಂದ ಸ್ಲೀಪ್ ಪೂರ್ತಿ ಹೋಗುತ್ತದೆ. ರಿಜಿಸ್ಟ್ರಿ ಎಡಿಟರ್‌ನಲ್ಲಿ ಎಚ್‌ಕೀ ಲೋಕಲ್ ಮಷೀನ್, ಸಿಸ್ಟಮ್, ಕರೆಂಟ್ ಕಂಟ್ರೋಲ್ ಸೆಟ್, ಕಂಟ್ರೋಲ್, ಪವರ್ ಒಳಗೆ ಆ ಹೆಸರಿದೆಯಾ ನೋಡಿ. ಇದ್ದರೆ ಮೊದಲು ಫೈಲ್ ಮೆನುವಿನ ಎಕ್ಸ್‌ಪೋರ್ಟ್‌ನಿಂದ ಒಂದು ಪ್ರತಿ ಇಟ್ಟುಕೊಳ್ಳಿ. ಆಮೇಲೆ ಆ ಒಂದು ಮೌಲ್ಯವನ್ನು ಮಾತ್ರ ಅಳಿಸಿ ರೀಸ್ಟಾರ್ಟ್ ಮಾಡಿ. ಅಲ್ಲಿ ಕಾಣುವ ಬೇರೆ ಯಾವುದನ್ನೂ ಮುಟ್ಟಬೇಡಿ.

ಅದಿಲ್ಲದಿದ್ದರೆ ಬಯಾಸ್ ನೋಡಬೇಕು. ವಿಂಡೋಸ್ ಅಪ್‌ಡೇಟ್ ಜೊತೆಗೆ ಕೆಲವೊಮ್ಮೆ ಬಯಾಸ್ ಅಪ್‌ಡೇಟ್ ಕೂಡ ಬರುತ್ತದೆ, ಆಗ ಅಲ್ಲಿನ ಸೆಟ್ಟಿಂಗ್ ಬದಲಾಗಿರಬಹುದು. ಪವರ್ ವಿಭಾಗದಲ್ಲಿ ಸ್ಲೀಪ್ ಸ್ಟೇಟ್, ಸಸ್ಪೆಂಡ್ ಅಥವಾ ಎಸ್3 ಎಂಬ ಹೆಸರಿನ ಸಾಲು ಹುಡುಕಿ. ಬಿಟ್‌ಲಾಕರ್ ಕೀ ಕಾಗದದ ಮೇಲೆ ಇಲ್ಲದೆ ಇಲ್ಲಿಗೆ ಕಾಲಿಡಬೇಡಿ. ಅರ್ಥವಾಗದ ಸಾಲು ಕಂಡರೆ ಬದಲಿಸದೆ ಹೊರಗೆ ಬನ್ನಿ, ತಿಳಿದವರಿಗೆ ತೋರಿಸಿ.

ಹಂತ 8: ಅಪ್‌ಡೇಟನ್ನೇ ಹಿಂದೆ ಸರಿಸುವುದು

ಮೇಲಿನ ಯಾವುದರಿಂದಲೂ ಆಗದಿದ್ದರೆ ಮಾತ್ರ ಇಲ್ಲಿಗೆ ಬನ್ನಿ. ತಿಂಗಳ ಸಣ್ಣ ಅಪ್‌ಡೇಟ್ ಆಗಿದ್ದರೆ ಸೆಟ್ಟಿಂಗ್ಸ್, ವಿಂಡೋಸ್ ಅಪ್‌ಡೇಟ್, ಅಪ್‌ಡೇಟ್ ಹಿಸ್ಟರಿ ಒಳಗೆ ಅನ್‌ಇನ್‌ಸ್ಟಾಲ್ ಅಪ್‌ಡೇಟ್ಸ್ ಇದೆ. ದಿನಾಂಕ ನೋಡಿ, ತೊಂದರೆ ಶುರುವಾದ ದಿನದ್ದನ್ನು ಮಾತ್ರ ತೆಗೆಯಿರಿ.

ಹೊಸ ಆವೃತ್ತಿಗೆ ಹೋಗಿದ್ದರೆ, ಉದಾಹರಣೆಗೆ 10ರಿಂದ 11ಕ್ಕೆ, ಸೆಟ್ಟಿಂಗ್ಸ್‌ನ ಸಿಸ್ಟಮ್, ರಿಕವರಿ ಒಳಗೆ ಗೋ ಬ್ಯಾಕ್ ಗುಂಡಿ ಇರುತ್ತದೆ. ಅದು ಸಿಗುವುದು ಸಾಮಾನ್ಯವಾಗಿ 10 ದಿನ ಮಾತ್ರ. ಡಿಸ್ಕ್ ಕ್ಲೀನಪ್‌ನಲ್ಲಿ ಹಳೆಯ ವಿಂಡೋಸ್ ಫೈಲುಗಳನ್ನು ಅಳಿಸಿದರೆ ಅಷ್ಟು ದಿನವೂ ಸಿಗುವುದಿಲ್ಲ. ಆದರೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಸ್ಲೀಪ್ ಆಯ್ಕೆಯೊಂದಕ್ಕಾಗಿ ಅಲ್ಲಿಗೆ ವಾಪಸ್ ಹೋಗುವುದು ನನ್ನ ಮಟ್ಟಿಗೆ ಸರಿಯಲ್ಲ.

ಅದರ ಬದಲು ಅದೇ ರಿಕವರಿ ಪುಟದಲ್ಲಿ "ಫಿಕ್ಸ್ ಪ್ರಾಬ್ಲಮ್ಸ್ ಯೂಸಿಂಗ್ ವಿಂಡೋಸ್ ಅಪ್‌ಡೇಟ್" ಇದ್ದರೆ ರೀಇನ್‌ಸ್ಟಾಲ್ ನೌ ಒತ್ತಿ. ನಿಮ್ಮ ಫೈಲು, ಆ್ಯಪ್, ಸೆಟ್ಟಿಂಗ್ ಹಾಗೇ ಇಟ್ಟು ವಿಂಡೋಸನ್ನು ಮತ್ತೆ ಹಾಕುತ್ತದೆ. ಆದರೂ ಮುಖ್ಯ ಫೈಲುಗಳ ಪ್ರತಿ ಪೆನ್‌ಡ್ರೈವಿನಲ್ಲಿರಲಿ. ಸುಮ್ನೆ ಫಾರ್ಮ್ಯಾಟ್ ಮಾಡಿಸಿದರೆ ಡ್ರೈವರ್ ಸಮಸ್ಯೆ ಮತ್ತೆ ಬರುವ ಸಾಧ್ಯತೆ ಜಾಸ್ತಿ, ಏಕೆಂದರೆ ಸರಿಯಾದ ಡ್ರೈವರನ್ನು ಆಗಲೂ ನೀವೇ ಹುಡುಕಬೇಕು, ಅಲ್ವಾ?

ಹಂತ 9: ಮೆನುವಿಗೆ ಬಂದ ಮೇಲೆ ಪರೀಕ್ಷೆ ಮಾಡಿ

ಹೆಸರು ಕಾಣಿಸಿತು ಅಂದ ಮಾತ್ರಕ್ಕೆ ಕೆಲಸ ಮುಗಿದಿಲ್ಲ. ನೋಟ್‌ಪ್ಯಾಡ್ ತೆರೆದು ಒಂದು ಸಾಲು ಬರೆಯಿರಿ. ಬೇರೆ ಮುಖ್ಯ ಕೆಲಸವೆಲ್ಲ ಸೇವ್ ಮಾಡಿ ಮುಚ್ಚಿ. ಸ್ಲೀಪ್ ಒತ್ತಿ, 5 ನಿಮಿಷ ಬಿಟ್ಟು ಎಬ್ಬಿಸಿ. ಬರೆದ ಸಾಲು ಇರಬೇಕು, ವೈಫೈ ತಾನಾಗಿ ಸಿಗಬೇಕು, ಬ್ರೈಟ್‌ನೆಸ್ ಬದಲಾಗಬೇಕು. ಆಮೇಲೆ ಹೈಬರ್ನೇಟ್ ಒತ್ತಿ. ದೀಪಗಳೆಲ್ಲ ಆರಿ ಫ್ಯಾನ್ ನಿಂತ ಮೇಲೆ ಚಾರ್ಜರ್ ತೆಗೆದು, ಸ್ವಲ್ಪ ಹೊತ್ತು ಬಿಟ್ಟು ಆನ್ ಮಾಡಿ. ಅದೇ ಸಾಲು ಮತ್ತೆ ಕಾಣಬೇಕು.

ಎಬ್ಬಿಸಿದಾಗ ಫ್ಯಾನ್ ತಿರುಗಿ ಪರದೆ ಮಾತ್ರ ಕಪ್ಪಾಗಿಯೇ ಉಳಿದರೆ ಗ್ರಾಫಿಕ್ಸ್ ಡ್ರೈವರ್ ಇನ್ನೂ ಸರಿಯಾಗಿಲ್ಲ, ಹಂತ 5ಕ್ಕೆ ಹಿಂತಿರುಗಿ. ಸ್ಲೀಪ್ ಮಾಡಿ ಬ್ಯಾಗಿನಲ್ಲಿಟ್ಟ ಲ್ಯಾಪ್‌ಟಾಪ್ ಮುಟ್ಟಿದರೆ ಬಿಸಿ ಇದ್ದರೆ, ಅದು ಒಳಗೇ ಎದ್ದು ಕೂತಿದೆ. ಅಂಥ ಯಂತ್ರವನ್ನು ಬ್ಯಾಗಿಗೆ ಹಾಕುವ ಮುಂಚೆ ಹೈಬರ್ನೇಟ್ ಮಾಡಿ, ಸ್ಲೀಪನ್ನು ಮೇಜಿನ ಮೇಲಿರುವಾಗ ಮಾತ್ರ ಬಳಸಿ.